ವಿಶ್ವದ ಹುಟ್ಟನ್ನು ವಿಜ್ಞಾನ ಪೂರ್ತಿ ವಿವರಿಸಬಲ್ಲದೇ? ವಾದಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ

ವಿಶ್ವ ಹೇಗೆ ಹುಟ್ಟಿತು ಎಂಬುದನ್ನು ವಿಜ್ಞಾನ ಎಂದಾದರೂ ಪೂರ್ತಿಯಾಗಿ ವಿವರಿಸಬಲ್ಲದೇ? ಖಂಡಿತ ಎನ್ನುವವರಿದ್ದಾರೆ, ಎಂದಿಗೂ ಆಗದು ಎನ್ನುವವರೂ ಇದ್ದಾರೆ. ಇಬ್ಬರ ಮಾತನ್ನೂ ಸಾವಧಾನವಾಗಿ ಕೇಳಿದರೆ ಅವರು ಒಂದೇ ಪ್ರಶ್ನೆಯ ಮೇಲೆ ವಾದಿಸುತ್ತಿಲ್ಲ ಎಂದು ಗೊತ್ತಾಗುತ್ತದೆ. ಹಾಗಾಗಿ ಯಾವುದಾದರೂ ಒಂದು ಪಕ್ಷ ಹಿಡಿಯುವ ಮೊದಲು ಪ್ರಶ್ನೆಯನ್ನೇ ಬಿಡಿಸಿಕೊಳ್ಳಬೇಕು.

ಅದರೊಳಗೆ ಮೂರು ಪ್ರಶ್ನೆಗಳಿವೆ. ಬಿಸಿಯಾದ, ದಟ್ಟವಾದ ಸ್ಥಿತಿಯಿಂದ ಇಂದಿನ ವಿಶ್ವ ಹೇಗೆ ಬೆಳೆಯಿತು? ಆ ಆರಂಭದ ಸ್ಥಿತಿ ಹಾಗೇಕೆ ಇತ್ತು, ಅದಕ್ಕೂ ಹಿಂದೆ ಏನಾದರೂ ಇತ್ತೇ? ಇಷ್ಟಕ್ಕೂ ಪ್ರಕೃತಿಗೆ ನಿಯಮಗಳು ಯಾಕಿವೆ, ಏನೂ ಇಲ್ಲದಿರುವ ಬದಲು ಏನಾದರೂ ಯಾಕಿದೆ? ಮೊದಲನೆಯದಕ್ಕೆ ಬಹುಮಟ್ಟಿಗೆ ಉತ್ತರ ಸಿಕ್ಕಿದೆ. ಎರಡನೆಯದಕ್ಕೆ ಹಲವು ಸಿದ್ಧಾಂತಗಳು ಪೈಪೋಟಿಯಲ್ಲಿವೆ. ಮೂರನೆಯದು ಬೇರೆಯೇ ಜಾತಿಯದು. ವಿಜ್ಞಾನದ ಪರವಾಗಿ ಮಾತಾಡುವವರು ಮೊದಲನೆಯದರ ಗೆಲುವನ್ನು ತೋರಿಸಿ ಮೂರನೆಯದನ್ನೂ ಗೆದ್ದಂತೆ ಹೇಳಿಬಿಡುತ್ತಾರೆ. ಎದುರು ಪಕ್ಷದವರು ಮೂರನೆಯದಕ್ಕೆ ಉತ್ತರವಿಲ್ಲವೆಂದು ತೋರಿಸಿ ಮೊದಲನೆಯದನ್ನೂ ಅನುಮಾನಿಸುತ್ತಾರೆ. ಎರಡೂ ತಪ್ಪು.

ಯಾವ ವಾದವನ್ನಾದರೂ ತೂಗುವಾಗ ನಾನು ಮುಖ್ಯವಾಗಿ ನೋಡುವುದು ಒಂದನ್ನು: ಇದು ಏನನ್ನು ಮೊದಲೇ ಇದೆ ಎಂದು ಒಪ್ಪಿಕೊಂಡು ಹೊರಡುತ್ತದೆ? ಅದರ ಜೊತೆಗೆ ಇನ್ನೊಂದು: ಎಂಥ ವೀಕ್ಷಣೆ ಸಿಕ್ಕರೆ ಇದು ಸುಳ್ಳಾಗುತ್ತದೆ? ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗೋಣ.

ಆಯ್ಕೆಗೆ ಬಿಡದ ಭಾಗ

ವಿಶ್ವ ಹಿಗ್ಗುತ್ತಿದೆ, ಹಿಂದೊಮ್ಮೆ ಅತಿ ಬಿಸಿಯಾಗಿ ದಟ್ಟವಾಗಿತ್ತು ಎಂಬುದು ಇಂದು ಅಭಿಪ್ರಾಯದ ವಿಷಯವಲ್ಲ. 1922ರಲ್ಲಿ ಅಲೆಕ್ಸಾಂಡರ್ ಫ್ರೀಡ್‌ಮನ್, 1927ರಲ್ಲಿ ಜಾರ್ಜ್ ಲಮೇತ್ರ್ ಐನ್‌ಸ್ಟೈನರ ಸಮೀಕರಣಗಳಿಂದಲೇ ಹಿಗ್ಗುವ ವಿಶ್ವದ ಸಾಧ್ಯತೆಯನ್ನು ತೋರಿಸಿದ್ದರು. ದೂರದ ಗೆಲಾಕ್ಸಿಗಳು ದೂರಕ್ಕೆ ತಕ್ಕ ವೇಗದಲ್ಲಿ ಸರಿಯುತ್ತಿವೆ ಎಂಬುದನ್ನು 1929ರಲ್ಲಿ ಎಡ್ವಿನ್ ಹಬಲ್ ಅಳತೆಗಳಿಂದ ತೋರಿಸಿದರು. 1948ರಲ್ಲಿ ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್, ಆ ಆದಿಕಾಲದ ಬಿಸಿಯ ಉಳಿಕೆ ಇಂದು ಸುಮಾರು 5 ಕೆಲ್ವಿನ್‌ನಷ್ಟು ಇರಬೇಕು ಎಂದು ಲೆಕ್ಕ ಹಾಕಿದರು. ಆ ಲೆಕ್ಕವನ್ನು ಹೆಚ್ಚಿನವರು ಮರೆತೇಬಿಟ್ಟಿದ್ದರು. 1964-65ರಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ, ಇದನ್ನು ಹುಡುಕದೆಯೇ, ಇದನ್ನೇ ಕಂಡುಹಿಡಿದರು. ಇಂದಿನ ನಿಖರ ಅಳತೆ 2.725 ಕೆಲ್ವಿನ್. ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕು ಅದು. ಅದನ್ನೇ ಹಿನ್ನೆಲೆ ವಿಕಿರಣ ಎನ್ನುವುದು.

ಇದರ ಜೊತೆಗೆ ಧಾತುಗಳ ಲೆಕ್ಕವಿದೆ. ಮೊದಲ ಕೆಲವು ನಿಮಿಷಗಳಲ್ಲಿ ನಡೆದ ನ್ಯೂಕ್ಲಿಯರ್ ಕ್ರಿಯೆಗಳಿಂದ ತೂಕದಲ್ಲಿ ಕಾಲುಭಾಗದಷ್ಟು ಹೀಲಿಯಂ ಉಂಟಾಗಬೇಕು ಎಂದು ಸಿದ್ಧಾಂತ ಹೇಳುತ್ತದೆ. ನಕ್ಷತ್ರಗಳಲ್ಲಿ ಹೆಚ್ಚು ಸಂಸ್ಕರಣೆಗೊಳ್ಳದ ಅನಿಲದಲ್ಲಿ ಕಾಣುವುದೂ ಅಷ್ಟೇ. ಡ್ಯೂಟೀರಿಯಂ, ಅಂದರೆ ಭಾರವಾದ ಹೈಡ್ರೋಜನ್, ಕೂಡ ಲೆಕ್ಕಕ್ಕೆ ಸರಿಹೊಂದುತ್ತದೆ. ಲಿಥಿಯಂ ಮಾತ್ರ ಹೊಂದುವುದಿಲ್ಲ: ಹಳೆಯ ನಕ್ಷತ್ರಗಳಲ್ಲಿ ನಿರೀಕ್ಷೆಯ ಮೂರನೇ ಒಂದು ಭಾಗದಷ್ಟೇ ಸಿಗುತ್ತದೆ. ಅದು ನಿಜವಾದ ಸಮಸ್ಯೆ, ಆದರೆ ಇಡೀ ಚಿತ್ರವನ್ನು ಕೆಡವುವಂಥದ್ದಲ್ಲ. ಪ್ಲಾಂಕ್ ಉಪಗ್ರಹದ ಅಳತೆಗಳಿಂದ ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ.

ಇಲ್ಲಿಯವರೆಗೆ ಒಪ್ಪುವುದೋ ಬಿಡುವುದೋ ಎಂಬ ಚರ್ಚೆಗೆ ಹೆಚ್ಚು ಜಾಗವಿಲ್ಲ. ಆದರೆ ಈ ಚಿತ್ರ, ಅಂದರೆ ಮಹಾಸ್ಫೋಟ ಸಿದ್ಧಾಂತ, ತನ್ನ ಗಟ್ಟಿಯಾದ ರೂಪದಲ್ಲಿ ವಿಶ್ವದ ಹುಟ್ಟಿನ ಸಿದ್ಧಾಂತವೇ ಅಲ್ಲ, ಹುಟ್ಟಿದ ಮೇಲಿನ ಬೆಳವಣಿಗೆಯದು. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನ ಗೊಂದಲ ಅರ್ಧ ಕಳೆಯುತ್ತದೆ.

ಲೆಕ್ಕ ಕೈಕೊಡುವ ಜಾಗ

ಸಾಮಾನ್ಯ ಸಾಪೇಕ್ಷತೆಯ, ಅಂದರೆ ಐನ್‌ಸ್ಟೈನರ ಗುರುತ್ವ ಸಿದ್ಧಾಂತದ, ಸಮೀಕರಣಗಳನ್ನು ಹಿಂದಕ್ಕೆ ಓಡಿಸಿದರೆ ಸಾಂದ್ರತೆ ಅನಂತವಾಗುವ ಬಿಂದುವಿಗೆ ಹೋಗಿ ಮುಟ್ಟುತ್ತೇವೆ. ಅದನ್ನೇ ಸಿಂಗ್ಯುಲಾರಿಟಿ ಎನ್ನುವುದು. ಇದು ನಾವು ಬಿಡಿಸಿದ ಚಿತ್ರ ತೀರಾ ಸರಳವಾಗಿರುವುದರಿಂದ ಬಂದ ದೋಷ ಇರಬಹುದೇ ಎಂದು ಅನೇಕರು ಶಂಕಿಸಿದ್ದರು. ಅಲ್ಲ ಎಂದು ತೋರಿಸಲು ಬೇಕಾದ ಗಣಿತದ ಮುಖ್ಯ ಮೆಟ್ಟಿಲನ್ನು 1955ರಲ್ಲಿ ಕಟ್ಟಿಕೊಟ್ಟವರು ಅಮಲ್ ಕುಮಾರ್ ರಾಯ್‌ಚೌಧುರಿ. ಅವರ ಸಮೀಕರಣವನ್ನು ಆಧಾರವಾಗಿಟ್ಟುಕೊಂಡು ರೋಜರ್ ಪೆನ್‌ರೋಸ್ ಮತ್ತು ಸ್ಟೀಫನ್ ಹಾಕಿಂಗ್ 1965ರಿಂದ 1970ರೊಳಗೆ ಪ್ರಸಿದ್ಧ ಪ್ರಮೇಯಗಳನ್ನು ಸಾಧಿಸಿದರು: ಗುರುತ್ವ ಆಕರ್ಷಿಸುತ್ತಲೇ ಇದ್ದರೆ, ಹಿಗ್ಗುವ ವಿಶ್ವದ ಭೂತಕಾಲದಲ್ಲಿ ಸಿಂಗ್ಯುಲಾರಿಟಿ ತಪ್ಪಿದ್ದಲ್ಲ.

ಇದನ್ನು ವಿಶ್ವಕ್ಕೆ ಆದಿ ಇತ್ತೆಂಬುದರ ರುಜುವಾತು ಎಂದು ಓದುವವರು ಅವಸರ ಮಾಡುತ್ತಿದ್ದಾರೆ. ಸಮೀಕರಣದಲ್ಲಿ ಅನಂತ ಬಂದರೆ ಅಲ್ಲಿ ಆ ಸಿದ್ಧಾಂತ ಕೆಲಸ ಮಾಡುವುದನ್ನು ನಿಲ್ಲಿಸಿದೆ ಎಂದರ್ಥ. ಸೆಕೆಂಡನ್ನು 10ರ ನಲವತ್ತಮೂರನೇ ಘಾತದಿಂದ ಭಾಗಿಸಿದಷ್ಟು ಚಿಕ್ಕ ಅವಧಿಯ ಹತ್ತಿರ, ಅಂದರೆ ಪ್ಲಾಂಕ್ ಕಾಲದ ಸುತ್ತಮುತ್ತ, ಗುರುತ್ವಕ್ಕೂ ಕ್ವಾಂಟಂ ನಿಯಮಗಳನ್ನು, ಅಂದರೆ ಅತಿ ಸೂಕ್ಷ್ಮ ಕಣಗಳ ಲೋಕದ ನಿಯಮಗಳನ್ನು, ಅನ್ವಯಿಸಲೇಬೇಕು. ಅದಕ್ಕೆ ಸರ್ವಸಮ್ಮತವಾದ, ಪ್ರಯೋಗದಲ್ಲಿ ಗೆದ್ದ ಸಿದ್ಧಾಂತ ಇನ್ನೂ ಇಲ್ಲ.

ಆ ಕ್ಷಣಕ್ಕೂ ನಮಗೆ ತಿಳಿದ ಬಿಸಿ ವಿಶ್ವಕ್ಕೂ ಮಧ್ಯದಲ್ಲಿ ಇನ್‌ಫ್ಲೇಶನ್ ಬರುತ್ತದೆ. 1981ರಲ್ಲಿ ಆಲನ್ ಗೂತ್ ಮಂಡಿಸಿ, ಆಮೇಲೆ ಆಂಡ್ರೆ ಲಿಂಡೆ, ಪಾಲ್ ಸ್ಟೈನ್‌ಹಾರ್ಟ್, ಆಂಡ್ರಿಯಾಸ್ ಆಲ್‌ಬ್ರೆಕ್ಟ್ ತಿದ್ದಿದ ಈ ಸಿದ್ಧಾಂತದ ಪ್ರಕಾರ, ಮೊದಲ ಸೆಕೆಂಡಿನ ಅತ್ಯಲ್ಪ ಅಂಶದಲ್ಲಿ ವಿಶ್ವ ಊಹಿಸಲಾಗದ ವೇಗದಲ್ಲಿ ಹಿಗ್ಗಿತು. ಆಕಾಶದ ಎರಡು ವಿರುದ್ಧ ದಿಕ್ಕುಗಳ ಹಿನ್ನೆಲೆ ವಿಕಿರಣ ಲಕ್ಷದಲ್ಲಿ ಒಂದು ಪಾಲಿನಷ್ಟೇ ವ್ಯತ್ಯಾಸದೊಂದಿಗೆ ಒಂದೇ ಬಿಸಿಯಲ್ಲಿರುವುದು ಏಕೆ ಎಂಬುದಕ್ಕೆ ಇದು ಉತ್ತರ ಕೊಡುತ್ತದೆ. ಆ ಲಕ್ಷದಲ್ಲೊಂದು ಪಾಲಿನ ಏರಿಳಿತ ಕ್ವಾಂಟಂ ಕಂಪನಗಳಿಂದ ಬಂದಿದ್ದು, ಅದರಿಂದಲೇ ಗೆಲಾಕ್ಸಿಗಳು ಬೆಳೆದವು ಎಂಬುದಕ್ಕೂ ಲೆಕ್ಕ ಕೊಡುತ್ತದೆ. ಆದರೆ ಇನ್‌ಫ್ಲೇಶನ್ನಿಗೂ ಹಿಂದೆ ಏನಿತ್ತೆಂದು ಅದು ಹೇಳುವುದಿಲ್ಲ. ಇನ್ನೂ ಕಷ್ಟದ ಮಾತೆಂದರೆ, ಆ ಹಿಗ್ಗುವಿಕೆ ತನಗಿಂತ ಹಿಂದಿನ ಗುರುತುಗಳನ್ನು ನಮ್ಮ ಕಣ್ಣಳತೆಯಿಂದ ಆಚೆಗೆ ತಳ್ಳಿಬಿಟ್ಟಿರಬಹುದು. ಪ್ರಕೃತಿಯೇ ದಾಖಲೆ ಅಳಿಸಿದ್ದರೆ, ಎಷ್ಟೇ ಒಳ್ಳೆಯ ದೂರದರ್ಶಕವಿದ್ದರೂ ಓದಲು ಏನೂ ಸಿಗದು. ವಿಜ್ಞಾನದ ಮಿತಿಯ ಬಗ್ಗೆ ನನಗೆ ನಿಜವಾಗಿ ಕಳವಳ ಹುಟ್ಟಿಸುವುದು ಇದು. ತತ್ವಶಾಸ್ತ್ರದ ಯಾವ ವಾದವೂ ಇಷ್ಟು ಕಾಡುವುದಿಲ್ಲ.

2003ರಲ್ಲಿ ಅರವಿಂದ್ ಬೋರ್ಡೆ, ಗೂತ್, ಅಲೆಕ್ಸಾಂಡರ್ ವಿಲೆಂಕಿನ್ ಇನ್ನೊಂದು ಪ್ರಮೇಯ ಪ್ರಕಟಿಸಿದರು: ಸರಾಸರಿಯಲ್ಲಿ ಹಿಗ್ಗುತ್ತಲೇ ಬಂದ ವಿಶ್ವವನ್ನು ಭೂತಕಾಲದತ್ತ ಅನಂತವಾಗಿ ವಿಸ್ತರಿಸಲು ಆಗುವುದಿಲ್ಲ, ಎಲ್ಲೋ ಒಂದು ಗಡಿ ಬರಲೇಬೇಕು. ಇದನ್ನೂ ದೇವರ ಇರವಿನ ಸಾಕ್ಷಿಯಾಗಿ ಬಳಸುವವರಿದ್ದಾರೆ. ಹಿಗ್ಗುವಿಕೆಯ ಹಂತಕ್ಕೆ ಒಂದು ಗಡಿ ಇರಬೇಕು ಎಂಬುದಷ್ಟೇ ಈ ಪ್ರಮೇಯದ ತಾತ್ಪರ್ಯ. ಗಡಿಯ ಆಚೆ ಏನಿದೆ ಎಂಬುದಕ್ಕೆ ಅದು ಬಾಯಿ ಹಾಕುವುದಿಲ್ಲ.

ಒಂದನೇ ದಾರಿ: ಶೂನ್ಯದಿಂದ ಹುಟ್ಟು

1973ರಲ್ಲಿ ಎಡ್ವರ್ಡ್ ಟ್ರೈಯಾನ್ ದಿಟ್ಟವಾದ ಒಂದು ಮಾತು ಹೇಳಿದರು. ವಸ್ತುವಿನ ಶಕ್ತಿಯನ್ನು ಧನ ಎಂದೂ ಗುರುತ್ವದ ಶಕ್ತಿಯನ್ನು ಋಣ ಎಂದೂ ಎಣಿಸಿದರೆ ವಿಶ್ವದ ಒಟ್ಟು ಶಕ್ತಿ ಸೊನ್ನೆಯೇ ಆಗಬಹುದು. ಹಾಗಾದರೆ ಇಡೀ ವಿಶ್ವ ಒಂದು ಕ್ವಾಂಟಂ ಏರಿಳಿತವಾಗಿ ಕಾಣಿಸಿಕೊಳ್ಳಲು ಶಕ್ತಿ ಸಂರಕ್ಷಣೆಯ ನಿಯಮ ಅಡ್ಡ ಬರುವುದಿಲ್ಲ. ಆದರೆ ಟ್ರೈಯಾನ್‌ರ ಏರಿಳಿತಕ್ಕೆ ಮೊದಲೇ ಇದ್ದ ಒಂದು ನಿರ್ವಾತ ಬೇಕಿತ್ತು. 1982ರಲ್ಲಿ ವಿಲೆಂಕಿನ್ ಅದನ್ನೂ ತೆಗೆದುಹಾಕಿದರು: ಗಾತ್ರವೇ ಸೊನ್ನೆಯಾದ, ದೇಶ-ಕಾಲವೇ (ಸ್ಥಳ ಮತ್ತು ಸಮಯವೇ) ಇಲ್ಲದ ಸ್ಥಿತಿಯಿಂದ ಕ್ವಾಂಟಂ ಟನೆಲಿಂಗ್ ಮೂಲಕ, ಅಂದರೆ ಸಾಮಾನ್ಯ ನಿಯಮದಲ್ಲಿ ದಾಟಲಾಗದ ತಡೆಯನ್ನು ತೂರಿಕೊಂಡು, ಚಿಕ್ಕದೊಂದು ವಿಶ್ವ ಹೊಮ್ಮಿ, ಕೂಡಲೇ ಇನ್‌ಫ್ಲೇಶನ್‌ಗೆ ಒಳಗಾಯಿತು.

1983ರಲ್ಲಿ ಜೇಮ್ಸ್ ಹಾರ್ಟಲ್ ಮತ್ತು ಹಾಕಿಂಗ್ ಇದರ ಪಕ್ಕದ ದಾರಿ ಹಿಡಿದರು. ಅವರ ಎಲ್ಲೆಯಿಲ್ಲದ ವಿಶ್ವದಲ್ಲಿ ಆರಂಭಕ್ಕೆ ಹತ್ತಿರವಾದಂತೆ ಕಾಲವು ಕಾಲದಂತೆ ನಡೆದುಕೊಳ್ಳುವುದನ್ನು ಬಿಟ್ಟು ದೇಶದ ಇನ್ನೊಂದು ದಿಕ್ಕಿನಂತಾಗುತ್ತದೆ. ದಕ್ಷಿಣ ಧ್ರುವದಲ್ಲಿ ನಿಂತು ಇನ್ನೂ ದಕ್ಷಿಣಕ್ಕೆ ಏನಿದೆ ಎಂದು ಕೇಳಿದರೆ ಹೇಗೋ, ಆದಿಗೂ ಮೊದಲು ಏನಿತ್ತು ಎಂಬ ಪ್ರಶ್ನೆ ಹಾಗೆ ಎಂದು ಹಾಕಿಂಗ್ ವಿವರಿಸುತ್ತಿದ್ದರು. ನನಗೆ ಇದು ಇಪ್ಪತ್ತನೇ ಶತಮಾನದ ಅತ್ಯಂತ ಸುಂದರ ಚಿಂತನೆಗಳಲ್ಲಿ ಒಂದು. ಆದಿಬಿಂದು ಎಂಬ ತೊಡಕನ್ನು ಇದು ಎಷ್ಟು ಸರಳವಾಗಿ ಕರಗಿಸಿಬಿಡುತ್ತದೆ!

ಸೌಂದರ್ಯ ಬೇರೆ, ಸಾಕ್ಷ್ಯ ಬೇರೆ. ವಿಲೆಂಕಿನ್ ಮತ್ತು ಹಾರ್ಟಲ್-ಹಾಕಿಂಗ್ ಮಾದರಿಗಳು ನೋಡಲು ಒಡಹುಟ್ಟಿದವುಗಳಂತಿದ್ದರೂ ವಿರುದ್ಧವಾದ ಊಹೆಗೆ ಬರುತ್ತವೆ. ವಿಲೆಂಕಿನ್‌ರದರಲ್ಲಿ ಬಲವಾದ ಇನ್‌ಫ್ಲೇಶನ್ ಸಂಭವನೀಯ, ಹಾರ್ಟಲ್-ಹಾಕಿಂಗ್‌ರ ಸರಳ ಲೆಕ್ಕದಲ್ಲಿ ಇನ್‌ಫ್ಲೇಶನ್ ತೀರಾ ಅಲ್ಪ. 2017ರಲ್ಲಿ ಜಾಬ್ ಫೆಲ್ಡ್‌ಬ್ರುಗ್, ಜೀನ್-ಲೂಕ್ ಲೇನರ್ಸ್ ಮತ್ತು ನೀಲ್ ಟ್ಯೂರಕ್, ಈ ಲೆಕ್ಕಗಳನ್ನು ಎಚ್ಚರದಿಂದ ಮಾಡಿದರೆ ಏರಿಳಿತಗಳು ಹದ್ದು ಮೀರುತ್ತವೆ, ನಯವಾದ ವಿಶ್ವವೇ ಹುಟ್ಟುವುದಿಲ್ಲ ಎಂದು ವಾದಿಸಿದರು. ಹಾರ್ಟಲ್ ಮತ್ತು ಅವರ ಜೊತೆಗಾರರು ಅದನ್ನು ಒಪ್ಪಲಿಲ್ಲ. ಯಾವ ಗಣಿತದ ವಿಧಾನ ಸರಿ ಎಂಬುದರಲ್ಲೇ ಒಮ್ಮತವಿಲ್ಲದಿರುವಾಗ ಇದನ್ನು ವಿವರಣೆ ಎನ್ನುವುದಕ್ಕಿಂತ ಪ್ರಸ್ತಾಪ ಎನ್ನುವುದೇ ಸರಿ.

ಈಗ ಮೊದಲ ಪರೀಕ್ಷೆಗೆ ಒಡ್ಡೋಣ: ಇದು ಏನನ್ನು ಮೊದಲೇ ಇದೆ ಎಂದು ಇಟ್ಟುಕೊಂಡಿದೆ? ಕ್ವಾಂಟಂ ನಿಯಮಗಳನ್ನು. ಸಾಧ್ಯವಾದ ದೇಶ-ಕಾಲಗಳ ಒಂದು ಗಣಿತೀಯ ಸಮೂಹವನ್ನು. ಯಾವ ಸಾಧ್ಯತೆಗೆ ಎಷ್ಟು ತೂಕ ಎಂದು ತೀರ್ಮಾನಿಸುವ ಸೂತ್ರವನ್ನು. ದೇಶವಿಲ್ಲ, ಕಾಲವಿಲ್ಲ, ವಸ್ತುವಿಲ್ಲ, ಆದರೂ ನಿಯಮಗಳಿವೆ. ವಿಶ್ವವೇ ಇಲ್ಲದಿರುವಾಗ ಆ ನಿಯಮಗಳು ಎಲ್ಲಿ, ಯಾವುದರ ಮೇಲೆ ಬರೆದಿದ್ದವು? ಈ ಒಗಟನ್ನು ವಿಲೆಂಕಿನ್ ಅವರೇ ಮುಂದಿಟ್ಟಿದ್ದಾರೆ, ಮರೆಮಾಚಿಲ್ಲ. ಅದು ಅವರ ಪ್ರಾಮಾಣಿಕತೆ. ಅವರ ಸಿದ್ಧಾಂತವನ್ನು ಜನರಿಗೆ ದಾಟಿಸುವವರಲ್ಲಿ ಅನೇಕರಿಗೆ ಆ ಪ್ರಾಮಾಣಿಕತೆ ಇರುವುದಿಲ್ಲ. ಏನೂ ಇಲ್ಲದ್ದರಿಂದ ಎಲ್ಲವೂ ಬಂದಿತೆಂದು ಭೌತವಿಜ್ಞಾನ ಸಾಧಿಸಿದೆ ಎಂದು ಯಾರಾದರೂ ಹೇಳಿದಾಗ, ಕ್ವಾಂಟಂ ಕ್ಷೇತ್ರದ ಒಂದು ಸ್ಥಿತಿಯೂ ಏನೋ ಒಂದು ಇರುವಿಕೆಯೇ ಎಂಬ ಆಕ್ಷೇಪ ನೆನಪಿರಲಿ. 2012ರಲ್ಲಿ ಭೌತವಿಜ್ಞಾನದ ತತ್ವಜ್ಞಾನಿ ಡೇವಿಡ್ ಆಲ್ಬರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದ್ದರು. ಆ ಆಕ್ಷೇಪಕ್ಕೆ ಸಮಾಧಾನಕರ ಉತ್ತರ ನಾನು ಕಂಡಿಲ್ಲ.

ಎರಡನೇ ದಾರಿ: ಆದಿಯೇ ಇರಲಿಲ್ಲ

ಆದಿಯನ್ನು ವಿವರಿಸುವುದು ಇಷ್ಟು ಕಷ್ಟವಾದರೆ, ಆದಿಯನ್ನೇ ಕೈಬಿಟ್ಟರೆ? ಈ ಆಸೆ ಹಳೆಯದು. 1948ರಲ್ಲಿ ಫ್ರೆಡ್ ಹಾಯ್ಲ್, ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ ಮಂಡಿಸಿದ ಸ್ಥಿರ ಸ್ಥಿತಿ ಸಿದ್ಧಾಂತದಲ್ಲಿ ವಿಶ್ವ ಹಿಗ್ಗಿದಂತೆ ಹೊಸ ವಸ್ತು ನಿಧಾನಕ್ಕೆ ಹುಟ್ಟುತ್ತಿದ್ದು, ಒಟ್ಟು ರೂಪ ಎಂದೆಂದಿಗೂ ಒಂದೇ. ಹಿನ್ನೆಲೆ ವಿಕಿರಣ ಸಿಕ್ಕಿದ ಮೇಲೆ ಅದು ನಿಲ್ಲಲಿಲ್ಲ. ಜಯಂತ ನಾರ್ಳೀಕರ್ ಅವರು ಹಾಯ್ಲ್ ಮತ್ತು ಜೆಫ್ರಿ ಬರ್ಬಿಡ್ಜ್ ಜೊತೆ 1993ರಲ್ಲಿ ಅದಕ್ಕೊಂದು ಸುಧಾರಿತ ರೂಪ ಕೊಟ್ಟರೂ, ವಿಕಿರಣದ ಸೂಕ್ಷ್ಮ ವಿನ್ಯಾಸವನ್ನು ಮಹಾಸ್ಫೋಟದಷ್ಟು ಚೆನ್ನಾಗಿ ವಿವರಿಸಲು ಅದಕ್ಕೆ ಆಗಲಿಲ್ಲ. ಸೋತರೂ ಅದು ಗೌರವಕ್ಕೆ ಯೋಗ್ಯವಾದ ಸಿದ್ಧಾಂತ. ಸುಳ್ಳಾಗಬಲ್ಲಷ್ಟು ಸ್ಪಷ್ಟವಾಗಿತ್ತು, ಸುಳ್ಳಾಯಿತು.

ಇಂದಿನ ಆಯ್ಕೆಗಳು ಬೇರೆ. ಗುರುತ್ವಕ್ಕೆ ಕ್ವಾಂಟಂ ನಿಯಮಗಳನ್ನು ಅನ್ವಯಿಸುವ ಒಂದು ಪ್ರಯತ್ನವಾದ ಲೂಪ್ ಕ್ವಾಂಟಂ ಗುರುತ್ವದಲ್ಲಿ ದೇಶವೇ ಬಿಡಿಬಿಡಿ ಘಟಕಗಳಿಂದಾದದ್ದು. ಮಾರ್ಟಿನ್ ಬೋಯೋವಾಲ್ಡ್ 2001ರಲ್ಲಿ ಶುರುಮಾಡಿದ ಕೆಲಸವನ್ನು 2006ರಲ್ಲಿ ಅಭಯ್ ಅಷ್ಟೇಕರ್, ತೊಮಾಶ್ ಪಾವ್ಲೋವ್‌ಸ್ಕಿ, ಪರಮ್‌ಪ್ರೀತ್ ಸಿಂಗ್ ಮುಂದಕ್ಕೊಯ್ದರು. ಅವರ ಲೆಕ್ಕದಲ್ಲಿ ಸಾಂದ್ರತೆ ಅನಂತಕ್ಕೆ ಹೋಗುವುದೇ ಇಲ್ಲ. ಒಂದು ಗರಿಷ್ಠ ಮಟ್ಟ ಮುಟ್ಟಿದೊಡನೆ ಗುರುತ್ವ ವಿಕರ್ಷಣೆಯಂತೆ ವರ್ತಿಸಿ, ಕುಗ್ಗುತ್ತಿದ್ದ ವಿಶ್ವ ಪುಟಿದೇಳುತ್ತದೆ. ಇದರಲ್ಲಿ ನನಗೆ ಹಿಡಿಸಿದ್ದೇನೆಂದರೆ, ಸಿಂಗ್ಯುಲಾರಿಟಿಯನ್ನು ತಪ್ಪಿಸಲೆಂದೇ ಹೊಸ ಪದಾರ್ಥವೊಂದನ್ನು ತಂದು ಸೇರಿಸಿಲ್ಲ. ಕೊರತೆಯೆಂದರೆ, ಮೂಲದ ಲೂಪ್ ಗುರುತ್ವ ಸಿದ್ಧಾಂತವೇ ಪ್ರಯೋಗದಲ್ಲಿ ಸಾಬೀತಾಗಿಲ್ಲ. ಮೇಲಾಗಿ ಈ ಲೆಕ್ಕಗಳು ಎಲ್ಲ ದಿಕ್ಕಿಗೂ ಒಂದೇ ತೆರನಾದ ಸರಳ ವಿಶ್ವವನ್ನು ಇಟ್ಟುಕೊಂಡು ಮಾಡಿದವು.

ಸ್ಟೈನ್‌ಹಾರ್ಟ್ ಮತ್ತು ಟ್ಯೂರಕ್ 2002ರಲ್ಲಿ ಆವರ್ತನ ಮಾದರಿಯನ್ನು ತಂದರು: ಹಿಗ್ಗು, ನಿಧಾನವಾದ ಕುಗ್ಗು, ಮತ್ತೆ ಹಿಗ್ಗು. ಇನ್‌ಫ್ಲೇಶನ್ನಿನ ತಂದೆಯರಲ್ಲೊಬ್ಬರಾದ ಸ್ಟೈನ್‌ಹಾರ್ಟ್ ಅದರ ಕಟು ಟೀಕಾಕಾರರಾಗಿದ್ದಾರೆ ಎಂಬುದು ಗಮನಿಸಬೇಕಾದ ಸಂಗತಿ. ಈ ಮಾದರಿಯ ದೊಡ್ಡ ಗುಣ ಎರಡನೇ ಪರೀಕ್ಷೆಯಲ್ಲಿ, ಅಂದರೆ ಎಂಥ ವೀಕ್ಷಣೆ ಸಿಕ್ಕರೆ ಸುಳ್ಳಾಗುತ್ತದೆ ಎಂಬುದರಲ್ಲಿ, ಕಾಣುತ್ತದೆ. ಇನ್‌ಫ್ಲೇಶನ್ನಿನ ಅನೇಕ ರೂಪಗಳು ಆದಿಕಾಲದ ಗುರುತ್ವ ಅಲೆಗಳ (ದೇಶ-ಕಾಲದಲ್ಲೇ ಏಳುವ ಅಲೆಗಳ) ಗುರುತು ಹಿನ್ನೆಲೆ ವಿಕಿರಣದಲ್ಲಿ ಉಳಿದಿರಬೇಕು ಎನ್ನುತ್ತವೆ. ಆವರ್ತನ ಮಾದರಿಯಲ್ಲಿ ಅಂಥ ಅಲೆಗಳು ಕಾಣದಷ್ಟು ದುರ್ಬಲ. ಒಂದು ಅಳತೆ ಇಬ್ಬರಲ್ಲಿ ಒಬ್ಬರನ್ನು ಮನೆಗೆ ಕಳಿಸಬಲ್ಲದು. 2014ರ ಮಾರ್ಚಿನಲ್ಲಿ ದಕ್ಷಿಣ ಧ್ರುವದ ಬೈಸೆಪ್-2 ದೂರದರ್ಶಕದ ತಂಡ ಆ ಗುರುತು ಸಿಕ್ಕಿತೆಂದು ಸಾರಿತ್ತು. 2015ರ ಆರಂಭಕ್ಕೆ, ಪ್ಲಾಂಕ್ ತಂಡದ ಜೊತೆ ಸೇರಿ ಮಾಡಿದ ವಿಶ್ಲೇಷಣೆಯಲ್ಲಿ, ನಮ್ಮದೇ ಗೆಲಾಕ್ಸಿಯ ಧೂಳನ್ನು ಲೆಕ್ಕಕ್ಕೆ ಹಿಡಿದರೆ ಗುರುತ್ವ ಅಲೆಗಳಿಗೆ ಗಟ್ಟಿ ಸಾಕ್ಷ್ಯ ಉಳಿಯುವುದಿಲ್ಲ ಎಂದು ತಿಳಿಯಿತು.

ಪೆನ್‌ರೋಸ್ ಅವರದೂ ಒಂದು ಆವರ್ತನ ಚಿತ್ರವಿದೆ. ಎಲ್ಲವೂ ವಿಕಿರಣವಾಗಿ ಕರಗಿಹೋದ ದೂರದ ಭವಿಷ್ಯವೇ ಮುಂದಿನ ವಿಶ್ವದ ಆದಿ ಎಂಬ ಕಲ್ಪನೆ. 2010ರಲ್ಲಿ ವಾಹೆ ಗುರ್ಜಾದ್ಯಾನ್ ಜೊತೆ ಸೇರಿ, ಹಿಂದಿನ ವಿಶ್ವದ ಗುರುತಾಗಿ ಹಿನ್ನೆಲೆ ವಿಕಿರಣದಲ್ಲಿ ಏಕಕೇಂದ್ರ ವೃತ್ತಗಳಿವೆ ಎಂದು ಅವರು ಹೇಳಿದರು. ಬೇರೆ ಗುಂಪುಗಳು ಪರಿಶೀಲಿಸಿದಾಗ ಅಂಥ ವೃತ್ತಗಳು ಸಾಮಾನ್ಯ ಮಾದರಿಯ ಯಾದೃಚ್ಛಿಕ ಏರಿಳಿತದಲ್ಲೂ ಸಿಗುತ್ತವೆ ಎಂದು ಕಂಡಿತು.

ಆದಿಯಿಲ್ಲದ ಮಾದರಿಗಳಿಗೆಲ್ಲ ಒಂದು ಹಳೆಯ ಸಾಲವಿದೆ, ಅದೇ ಎಂಟ್ರೊಪಿ, ಅಂದರೆ ಅವ್ಯವಸ್ಥೆಯ ಅಳತೆ. 1930ರ ದಶಕದಲ್ಲೇ ರಿಚರ್ಡ್ ಟೋಲ್‌ಮನ್ ತೋರಿಸಿದಂತೆ, ಪ್ರತಿ ಆವರ್ತದಲ್ಲೂ ಅವ್ಯವಸ್ಥೆ ಹೆಚ್ಚಿದರೆ ಆವರ್ತಗಳು ಮುಂದೆ ಹೋದಂತೆ ದೊಡ್ಡದಾಗುತ್ತವೆ, ಹಿಂದಕ್ಕೆ ಹೋದಂತೆ ಚಿಕ್ಕದಾಗುತ್ತವೆ. ಕೊನೆಗೆ ಒಂದು ಆರಂಭ ಮತ್ತೆ ಎದುರಾಗುತ್ತದೆ. ಹೊಸ ಮಾದರಿಗಳು ಪ್ರತಿ ಸುತ್ತಿನಲ್ಲೂ ಭಾರೀ ಹಿಗ್ಗುವಿಕೆಯಿಂದ ಆ ಎಂಟ್ರೊಪಿಯನ್ನು ತೆಳುವಾಗಿಸುತ್ತವೆ. ಆದರೆ ಹಾಗೆ ಹಿಗ್ಗುವುದು ಕುಗ್ಗುವುದಕ್ಕಿಂತ ಹೆಚ್ಚಾದರೆ ವಿಶ್ವ ಸರಾಸರಿಯಲ್ಲಿ ಹಿಗ್ಗುತ್ತಲೇ ಬಂದಂತಾಯಿತು, ಬೋರ್ಡೆ-ಗೂತ್-ವಿಲೆಂಕಿನ್ ಗಡಿ ಮತ್ತೆ ತಲೆ ಎತ್ತುತ್ತದೆ. 2022ರಲ್ಲಿ ವಿಲಿಯಂ ಕಿನ್ನಿ ಮತ್ತು ನೀನಾ ಸ್ಟೈನ್ ಇದೇ ಅರ್ಥದ ವಾದ ಮಂಡಿಸಿದರು. ಅದೂ ಹೋಗಲಿ, ಅನಂತ ಭೂತಕಾಲ ಸಾಧ್ಯವೆಂದೇ ಇಟ್ಟುಕೊಳ್ಳಿ. ಪ್ರತಿ ಕ್ಷಣಕ್ಕೂ ಹಿಂದಿನ ಕ್ಷಣ ಕಾರಣ ಸಿಕ್ಕಿತು. ಆ ಇಡೀ ಸರಪಳಿ ಯಾಕಿದೆ ಎಂಬುದು?

ಮೂರನೇ ದಾರಿ: ಎಣಿಕೆಗೆ ಸಿಗದಷ್ಟು ವಿಶ್ವಗಳು

ಇನ್‌ಫ್ಲೇಶನ್ ಎಲ್ಲ ಕಡೆಯೂ ಒಟ್ಟಿಗೆ ನಿಲ್ಲದಿದ್ದರೆ ಎಲ್ಲೆಲ್ಲೋ ಹೊಸ ವಿಶ್ವಗಳು ಕವಲೊಡೆಯುತ್ತಲೇ ಇರುತ್ತವೆ. ಕಣಗಳೆಲ್ಲ ಅತಿ ಸೂಕ್ಷ್ಮ ತಂತಿಗಳ ಕಂಪನ ಎನ್ನುವ ಸ್ಟ್ರಿಂಗ್ ಸಿದ್ಧಾಂತದಲ್ಲಿ 10ರ ಐನೂರನೇ ಘಾತದಷ್ಟು ಬಗೆಯ ನಿರ್ವಾತಗಳಿರಬಹುದು ಎಂಬ ಅಂದಾಜಿದೆ. ಹಾಗಿದ್ದರೆ ನಮ್ಮ ವಿಶ್ವದ ಸ್ಥಿರಾಂಕಗಳು ಹೀಗೇಕೆ ಎಂಬುದಕ್ಕೆ ಉತ್ತರ: ಹೀಗಿರುವಲ್ಲಿ ಮಾತ್ರ ಕೇಳುವವರು ಹುಟ್ಟುತ್ತಾರೆ.

ಇದನ್ನು ಬರೀ ನುಣುಚಿಕೊಳ್ಳುವ ಮಾತೆಂದು ತಳ್ಳಿಹಾಕಬೇಡಿ. 1987ರಲ್ಲಿ ಸ್ಟೀವನ್ ವೈನ್‌ಬರ್ಗ್ ಇದೇ ತರ್ಕದಿಂದ, ನಿರ್ವಾತದ ಶಕ್ತಿ ಗೆಲಾಕ್ಸಿಗಳು ಕೂಡಿಕೊಳ್ಳಲು ಬಿಡುವಷ್ಟು ಚಿಕ್ಕದಿರಬೇಕು, ಆದರೆ ಸೊನ್ನೆಯೇ ಆಗಿರಬೇಕಿಲ್ಲ ಎಂದು ಊಹಿಸಿದ್ದರು. 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ಗೊತ್ತಾದಾಗ ಸಿಕ್ಕಿದ ಬೆಲೆ ಆ ಮಿತಿಯೊಳಗೇ ಇತ್ತು. ಆದರೂ ನೋಡಲು ಸಾಧ್ಯವೇ ಇಲ್ಲದ ವಿಶ್ವಗಳ ಮೇಲೆ ವಿವರಣೆ ಕಟ್ಟುವುದರಿಂದ ವಿಜ್ಞಾನದ ಶಿಸ್ತು ಸಡಿಲವಾಗುತ್ತದೆ ಎಂದು 2014ರಲ್ಲಿ ಜಾರ್ಜ್ ಎಲ್ಲಿಸ್ ಮತ್ತು ಜೋ ಸಿಲ್ಕ್ ಎಚ್ಚರಿಸಿದರು. ನನ್ನ ಒಲವು ಅವರ ಕಡೆಗೆ. ಹುಟ್ಟಿನ ಪ್ರಶ್ನೆಗಂತೂ ಬಹುವಿಶ್ವ ಉತ್ತರವೇ ಅಲ್ಲ. ಒಂದು ವಿಶ್ವದ ಬದಲು ವಿಶ್ವಗಳನ್ನು ಹುಟ್ಟಿಸುವ ಒಂದು ವ್ಯವಸ್ಥೆಯನ್ನು ವಿವರಿಸಬೇಕಾಗುತ್ತದೆ, ಕೆಲಸ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಮೂರನೇ ಪ್ರಶ್ನೆಗೆ ಬಂದಾಗ

ಯಾವ ದಾರಿ ಹಿಡಿದರೂ ಕೊನೆಯಲ್ಲಿ ನಿಯಮಗಳು ಉಳಿದವು. ಇದು ಆಕಸ್ಮಿಕವಲ್ಲ. ವಿಜ್ಞಾನ ವಿವರಿಸುವ ರೀತಿಯೇ ಹಾಗೆ: ಒಂದು ನಿಯಮ, ಒಂದು ಸ್ಥಿತಿ, ಅವುಗಳಿಂದ ಮತ್ತೊಂದು ಸ್ಥಿತಿ. ನಿಯಮವನ್ನು ಇನ್ನೂ ಆಳವಾದ ನಿಯಮದಿಂದ ವಿವರಿಸಬಹುದು, ನ್ಯೂಟನ್‌ರ ಗುರುತ್ವವನ್ನು ಐನ್‌ಸ್ಟೈನರ ಸಿದ್ಧಾಂತ ವಿವರಿಸಿದಂತೆ. ಆದರೆ ಎಲ್ಲಕ್ಕಿಂತ ಆಳದ ನಿಯಮವನ್ನು, ಅಂಥದ್ದೊಂದು ಇದ್ದರೆ, ಇದೇ ವಿಧಾನದಿಂದ ವಿವರಿಸಲು ಬಾರದು. ಆದ್ದರಿಂದ ಪೂರ್ತಿ ವಿವರಣೆ ಎಂದರೆ ನಿಯಮಗಳ ಇರುವಿಕೆಯನ್ನೂ ಸೇರಿಸಿ ವಿವರಿಸುವುದು ಎಂದಾದರೆ, ವಿಜ್ಞಾನದಿಂದ ಅದು ಆಗದು ಎಂಬುದು ನನ್ನ ತೀರ್ಮಾನ. ಇನ್ನೂ ದೊಡ್ಡ ಯಂತ್ರ, ಇನ್ನೂ ಜಾಣ ಗಣಿತಜ್ಞರು ಬಂದರೂ ಈ ತೀರ್ಮಾನ ಬದಲಾಗುವುದಿಲ್ಲ. ಕೆಲವರು ಇದಕ್ಕೆ ಸಾಕಷ್ಟು ಶಕ್ತವಾದ ಯಾವ ಗಣಿತ ವ್ಯವಸ್ಥೆಯೂ ತನ್ನೊಳಗಿನ ಎಲ್ಲ ಸತ್ಯಗಳನ್ನು ಸಾಧಿಸಲಾರದು ಎಂಬ ಗ್ಯೋಡೆಲ್‌ರ 1931ರ ಪ್ರಮೇಯವನ್ನು ಆಧಾರ ಕೊಡುತ್ತಾರೆ. 2002ರ ಒಂದು ಉಪನ್ಯಾಸದಲ್ಲಿ ಹಾಕಿಂಗ್ ಕೂಡ ಆ ಕಡೆ ವಾಲಿದ್ದರು. ನನಗೆ ಆ ಆಧಾರ ಬೇಕೆನಿಸುವುದಿಲ್ಲ. ಗಣಿತದ ಅಪೂರ್ಣತೆಯಿಂದ ಭೌತ ನಿಯಮಗಳ ಪಟ್ಟಿ ಅಪೂರ್ಣ ಎಂದು ನೇರವಾಗಿ ಬರುವುದಿಲ್ಲ.

ಇಲ್ಲಿಂದ ಮುಂದೆ ಇರುವ ನಿಲುವುಗಳು ತತ್ವಶಾಸ್ತ್ರದವು. 1714ರಲ್ಲಿ ಲೈಬ್ನಿಟ್ಸ್, ಪ್ರತಿಯೊಂದಕ್ಕೂ ಸಾಕಷ್ಟು ಕಾರಣವಿರಬೇಕು, ಹಾಗಾಗಿ ತನ್ನ ಇರವಿಗೆ ತಾನೇ ಕಾರಣವಾದ ಒಂದು ಅನಿವಾರ್ಯ ಸತ್ತೆ ಇರಬೇಕು ಎಂದು ವಾದಿಸಿದರು. 1948ರ ಬಿಬಿಸಿ ರೇಡಿಯೋ ಚರ್ಚೆಯಲ್ಲಿ ಬರ್ಟ್ರಂಡ್ ರಸೆಲ್ ಇದಕ್ಕೆ ಎದುರಾಗಿ, ವಿಶ್ವ ಇದೆ, ಅಷ್ಟೇ ಎಂಬ ನಿಲುವು ತಳೆದರು. ಬಿಡಿಭಾಗಗಳಿಗೆಲ್ಲ ಕಾರಣ ಸಿಕ್ಕಿದ ಮೇಲೆ ಒಟ್ಟಿಗೆ ಬೇರೆ ಕಾರಣ ಕೇಳುವುದು ಅರ್ಥಹೀನ ಎಂದು ಡೇವಿಡ್ ಹ್ಯೂಮ್ ಅದಕ್ಕೂ ಮೊದಲೇ ವಾದವೊಡ್ಡಿದ್ದರು. ಜಗತ್ತಿಗೆ ಆದಿಯಿದೆ ಎಂದೂ ಇಲ್ಲವೆಂದೂ ಎರಡನ್ನೂ ಸಾಧಿಸಬಹುದು, ಆದ್ದರಿಂದ ಬುದ್ಧಿಯೇ ಇಲ್ಲಿ ತನ್ನ ಎಲ್ಲೆ ಮೀರುತ್ತಿದೆ ಎಂಬುದು 1781ರ ಕಾಂಟ್‌ರ ನಿಲುವು.

ಅದೇ ಮೊದಲ ಪರೀಕ್ಷೆಯನ್ನು ಇವುಗಳಿಗೂ ಒಡ್ಡಬೇಕು, ರಿಯಾಯಿತಿ ಬೇಡ. ದೇವರೆಂದವರು ವಿವರಣೆ ಬೇಡದ ಒಂದು ಸತ್ತೆಯನ್ನು ಮೊದಲೇ ಇಟ್ಟುಕೊಂಡರು. ರಸೆಲ್‌ರ ಹಾದಿಯವರು ವಿವರಣೆ ಬೇಡದ ವಿಶ್ವವನ್ನು ಇಟ್ಟುಕೊಂಡರು. ಸರಪಳಿ ಎಲ್ಲಿ ನಿಲ್ಲಬೇಕು ಎಂಬುದರಲ್ಲಷ್ಟೇ ವ್ಯತ್ಯಾಸ. ವಿಜ್ಞಾನದ ಕೈಯಲ್ಲಿ ಆಗದ್ದು ಎಂದಮಾತ್ರಕ್ಕೆ ಬೇರೆಯವರ ಕೈಯಲ್ಲಿ ಆಗಿದೆ ಎಂದಾಗುವುದಿಲ್ಲ. ಲಮೇತ್ರ್ ಸ್ವತಃ ಪಾದ್ರಿಯಾಗಿದ್ದರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಮಹಾಸ್ಫೋಟವನ್ನು ಸೃಷ್ಟಿಯ ಸಮರ್ಥನೆಯೆಂಬಂತೆ ಮಾತಾಡಿದಾಗ ಅದು ಲಮೇತ್ರ್‌ರಿಗೆ ಒಪ್ಪಿಗೆಯಾಗಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಯಿಂದ ಹೊರಗಿನದು ಎಂಬುದೇ ಅವರ ನಿಲುವಾಗಿತ್ತು. ನಂಬಿಕೆ, ವಿಜ್ಞಾನ ಎರಡನ್ನೂ ಪ್ರೀತಿಸುವವರಿಗೆ ಅವರಿಗಿಂತ ಒಳ್ಳೆಯ ಮಾದರಿ ನನಗೆ ಕಾಣದು.

ಹಾಗಾದರೆ ಯಾರಿಗೆ ಯಾವುದು?

ವೀಕ್ಷಣೆ ಮಾತ್ರ ಪ್ರಮಾಣ ಎನ್ನುವವರು ಇನ್‌ಫ್ಲೇಶನ್‌ವರೆಗೆ ಬಂದು ನಿಲ್ಲಿ. ಅದರಲ್ಲೂ ಇನ್‌ಫ್ಲೇಶನ್ನನ್ನು ಬಲವಾದ ಆದರೆ ಖಚಿತವಾಗದ ಸಿದ್ಧಾಂತ ಎಂದೇ ಹಿಡಿಯಿರಿ. ಕಾಲಕ್ಕೊಂದು ಆರಂಭ ಇರಲೇಬೇಕು ಎನಿಸುವವರಿಗೆ ಎಲ್ಲೆಯಿಲ್ಲದ ವಿಶ್ವದ ಚಿತ್ರ ಹತ್ತಿರವಾಗುತ್ತದೆ, ಸಾಕ್ಷ್ಯ ಇನ್ನೂ ಬಂದಿಲ್ಲ ಎಂಬ ಅರಿವು ಜೊತೆಗಿರಲಿ. ಸುಳ್ಳಾಗಬಲ್ಲ ಸಿದ್ಧಾಂತವೇ ಒಳ್ಳೆಯ ಸಿದ್ಧಾಂತ ಎಂದು ನಂಬುವವರು ಆವರ್ತನ ಮಾದರಿಗಳನ್ನು ಗಂಭೀರವಾಗಿ ನೋಡಬೇಕು. ನನ್ನನ್ನೇ ಕೇಳಿದರೆ, ಎರಡನೇ ಪ್ರಶ್ನೆಗೆ ಪುಟಿದೇಳುವ ವಿಶ್ವದ ಮೇಲೆ ಆಸೆ, ಮೂರನೆಯದಕ್ಕೆ ಗೊತ್ತಿಲ್ಲ ಎಂಬ ಉತ್ತರ.

ಎಂದಿಗೂ ತಿಳಿಯದು ಎಂಬ ನಿಲುವನ್ನು ಎರಡನೇ ಪ್ರಶ್ನೆಗೆ ಅಂಟಿಸಬೇಡಿ ಎಂದು ಮಾತ್ರ ಎಲ್ಲರಿಗೂ ಹೇಳುತ್ತೇನೆ. ನಕ್ಷತ್ರಗಳು ಯಾವ ವಸ್ತುಗಳಿಂದಾಗಿವೆ ಎಂಬುದು ಮನುಷ್ಯನಿಗೆ ಎಂದೂ ತಿಳಿಯದು ಎಂದು 1835ರಲ್ಲಿ ತತ್ವಜ್ಞಾನಿ ಆಗಸ್ಟ್ ಕಾಮ್ಟ್ ಬರೆದರು. 1859ರಲ್ಲಿ ಕಿರ್ಖಾಫ್ ಮತ್ತು ಬುನ್ಸೆನ್ ಬೆಳಕಿನ ರೋಹಿತದಲ್ಲಿ ಧಾತುಗಳನ್ನು ಓದುವ ವಿಧಾನವನ್ನು ಕೈಗಿತ್ತರು.

ಮುಂದಿನ ವರ್ಷಗಳಲ್ಲಿ ನಿಮ್ಮ ಆಯ್ಕೆಯನ್ನು ಅಲುಗಿಸಬಲ್ಲ ಅಳತೆಗಳು ಎರಡು. ಆದಿಕಾಲದ ಗುರುತ್ವ ಅಲೆಗಳು ಸಾಂದ್ರತೆಯ ಏರಿಳಿತಕ್ಕೆ ಹೋಲಿಸಿದರೆ ಎಷ್ಟು ಬಲವಾಗಿವೆ ಎಂಬ ಅನುಪಾತಕ್ಕೆ 2021ರಲ್ಲಿ ಬೈಸೆಪ್/ಕೆಕ್ ತಂಡ 0.036 ಎಂಬ ಮೇಲ್ಮಿತಿ ಹಾಕಿತು. ಇನ್‌ಫ್ಲೇಶನ್ನಿನ ಅತಿ ಸರಳ ಮಾದರಿಗಳಲ್ಲಿ ಕೆಲವು ಅಲ್ಲಿಗೇ ಬಿದ್ದುಹೋದವು. ಚಿಲಿಯ ಅಟಕಾಮಾ ಮರುಭೂಮಿಯ ಸೈಮನ್ಸ್ ವೀಕ್ಷಣಾಲಯ, ಜಪಾನ್ ಮುಂದಾಳತ್ವದ ಲೈಟ್‌ಬರ್ಡ್ ಉಪಗ್ರಹ ಯೋಜನೆ ಇನ್ನೂ ಕೆಳಗಿಳಿದು ಹುಡುಕಲು ಹೊರಟಿವೆ. ಗುರುತು ಸಿಕ್ಕರೆ ಸ್ಟೈನ್‌ಹಾರ್ಟ್-ಟ್ಯೂರಕ್ ಆವರ್ತನ ಮಾದರಿಯನ್ನು ಕೈಬಿಡಿ. ಇನ್ನೊಂದು ಡಾರ್ಕ್ ಎನರ್ಜಿಯದು, ಅಂದರೆ ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುತ್ತಿರುವ ಶಕ್ತಿಯದು. ಅದರ ಬಲ ಕಾಲದೊಂದಿಗೆ ಬದಲಾಗುತ್ತಿರಬಹುದು ಎಂಬ ಸುಳಿವನ್ನು ಅರಿಜೋನಾದ ಡೆಸಿ ಸಮೀಕ್ಷೆ 2024 ಮತ್ತು 2025ರಲ್ಲಿ ಕೊಟ್ಟಿದೆ, ಶೋಧ ಎನ್ನುವಷ್ಟು ಖಚಿತವಾಗಿ ಅಲ್ಲ. ಆ ಬಲ ಕುಂದುತ್ತಿರುವುದು ನಿಜವಾದರೆ, ಹಿಗ್ಗು ನಿಂತು ಕುಗ್ಗು ಶುರುವಾಗುವ ವಿಶ್ವದ ಮುಂದಿದ್ದ ಒಂದು ದೊಡ್ಡ ಅಡ್ಡಿ ತೆಗೆದಂತೆ. ಡಾರ್ಕ್ ಎನರ್ಜಿ ಸ್ಥಿರವೆಂದೇ ಗೊತ್ತಾದರೆ ನನ್ನ ಆಸೆಯನ್ನು ನಾನು ಕೆಳಗಿಡಬೇಕಾಗುತ್ತದೆ.